ಮನೆ ಹಿಡಿಯುವ ಮುನ್ನ ಶಾಲೆಯ ಲೆಕ್ಕ: ಅಮೆರಿಕದ ಕೌಂಟಿ ಅಂಕಿಅಂಶ ಓದುವ ಬಗೆ

ಫೇರ್‌ಫ್ಯಾಕ್ಸ್ ಕೌಂಟಿ ಒಳ್ಳೆಯದೋ, ಲೌಡನ್ ಕೌಂಟಿ ಒಳ್ಳೆಯದೋ? ವಾಷಿಂಗ್ಟನ್ ಡಿ.ಸಿ. ಸುತ್ತಮುತ್ತ ಕೆಲಸ ಸಿಕ್ಕಿ, ಮಕ್ಕಳನ್ನು ಕರೆದುಕೊಂಡು ಹೊರಟ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆ ಇದು. ಅಟ್ಲಾಂಟಾ ಕಡೆ ಹೋಗುವವರು ಫೋರ್ಸೈತ್ ಕೌಂಟಿಯೋ ಫುಲ್ಟನ್ ಕೌಂಟಿಯೋ ಎನ್ನುತ್ತಾರೆ. ರಾಲೆ ಕಡೆ ಹೋಗುವವರಿಗೆ ವೇಕ್ ಕೌಂಟಿಯಲ್ಲಿ ಯಾವ ಭಾಗ ಎಂಬ ಚಿಂತೆ. ಉತ್ತರವಾಗಿ ಸಿಗುವುದು ಯಾರದೋ ಅಭಿಪ್ರಾಯ, ಇಲ್ಲವೇ ಮನೆ ಹುಡುಕುವ ಆ್ಯಪ್‌ನಲ್ಲಿ ಶಾಲೆಯ ಹೆಸರಿನ ಪಕ್ಕ ಕಾಣುವ 10ಕ್ಕೆ 8 ಎಂಬ ಅಂಕ. ಎರಡೂ ಸಾಲವು.

ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ. ಫೇರ್‌ಫ್ಯಾಕ್ಸ್ ಕೌಂಟಿಯ ಸರ್ಕಾರಿ ಶಾಲೆಗಳಲ್ಲಿ ಸುಮಾರು 1.8 ಲಕ್ಷ ಮಕ್ಕಳಿದ್ದಾರೆ, ಲೌಡನ್‌ನಲ್ಲಿ ಸುಮಾರು 80 ಸಾವಿರ. ಇಷ್ಟು ದೊಡ್ಡ ವ್ಯವಸ್ಥೆಯ ಸರಾಸರಿಯಿಂದ ನಿಮ್ಮ ಮಗಳು ಕೂರುವ ತರಗತಿಯ ಬಗ್ಗೆ ಹೆಚ್ಚೇನೂ ತಿಳಿಯುವುದಿಲ್ಲ. ಕೌಂಟಿಯಿಂದ ಶಾಲೆಗೆ, ಶಾಲೆಯಿಂದ ತರಗತಿಗೆ, ತರಗತಿಯಿಂದ ನಿಮ್ಮ ಮಗುವಿನಂಥ ಮಕ್ಕಳ ಗುಂಪಿಗೆ ಇಳಿದಾಗ ಮಾತ್ರ ಅಂಕಿಅಂಶ ಉಪಯೋಗಕ್ಕೆ ಬರುತ್ತದೆ. ಕೆಳಗಿನ ಉದಾಹರಣೆಗಳು ಹೆಚ್ಚಾಗಿ ಫೇರ್‌ಫ್ಯಾಕ್ಸ್, ಲೌಡನ್ ಕೌಂಟಿಗಳಿರುವ ಉತ್ತರ ವರ್ಜೀನಿಯಾದವು. ನೋಡುವ ಕ್ರಮ ಬೇರೆ ರಾಜ್ಯಗಳಿಗೂ ಒಪ್ಪುತ್ತದೆ.

ಶುರುಮಾಡುವ ಮುನ್ನ ಕೈಯಲ್ಲಿರಬೇಕಾದದ್ದು: ನೀವು ನೋಡುತ್ತಿರುವ ಮೂರು ನಾಲ್ಕು ಮನೆಗಳ ಪೂರ್ತಿ ವಿಳಾಸ, ಮನೆ ನಂಬರ್ ಸಮೇತ, ಪ್ರತಿ ಮಗುವಿನ ಹುಟ್ಟಿದ ದಿನಾಂಕ, ಒಂದು ಖಾಲಿ ಎಕ್ಸೆಲ್ ಹಾಳೆ. ಹಾಳೆಯಲ್ಲಿ ಪ್ರತಿ ಶಾಲೆಗೆ ಒಂದು ಸಾಲು, ಪ್ರತಿ ವರ್ಷಕ್ಕೆ ಒಂದು ಕಾಲಂ. ಮಗುವಿನ ಮುಂದಿನ ಆರು ವರ್ಷಗಳ ತರಗತಿಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ. ಈಗ 4ನೇ ತರಗತಿಯಲ್ಲಿರುವ ಮಗುವಿಗೆ ನೀವು ಆರಿಸುತ್ತಿರುವುದು ಪ್ರಾಥಮಿಕ ಶಾಲೆಗಿಂತ ಹೆಚ್ಚಾಗಿ ಮಿಡ್ಲ್ ಸ್ಕೂಲನ್ನು ಎಂಬುದು ಆಗ ಕಣ್ಣಿಗೆ ಬೀಳುತ್ತದೆ.

1. ಶಾಲೆ ನಡೆಸುವವರು ಯಾರೆಂದು ಮೊದಲು ತಿಳಿಯಿರಿ

ಕೌಂಟಿಯೇ ಶಾಲೆ ನಡೆಸುತ್ತದೆ ಎಂಬುದು ಎಲ್ಲ ರಾಜ್ಯಗಳಲ್ಲೂ ನಿಜವಲ್ಲ. ಶಾಲೆಗಳನ್ನು ನಡೆಸುವ ಸಂಸ್ಥೆಗೆ ಸ್ಕೂಲ್ ಡಿಸ್ಟ್ರಿಕ್ಟ್ ಎನ್ನುತ್ತಾರೆ. ಮೇರಿಲ್ಯಾಂಡ್‌ನಲ್ಲಿ ಲೆಕ್ಕ ಸರಳ: 23 ಕೌಂಟಿಗೆ ಒಂದೊಂದು, ಬಾಲ್ಟಿಮೋರ್ ನಗರಕ್ಕೆ ಪ್ರತ್ಯೇಕ ಒಂದು, ಒಟ್ಟು 24. ಫ್ಲಾರಿಡಾದಲ್ಲೂ 67 ಕೌಂಟಿಗೆ 67 ಡಿಸ್ಟ್ರಿಕ್ಟ್. ವರ್ಜೀನಿಯಾದಲ್ಲಿ ನಗರಗಳು ಕೌಂಟಿಯಿಂದ ಸ್ವತಂತ್ರ, ಹಾಗಾಗಿ ಕೌಂಟಿಯ ನಡುವೆಯೇ ಬೇರೆ ಶಾಲಾ ವ್ಯವಸ್ಥೆ ಇರಬಹುದು.

ಟೆಕ್ಸಸ್‌ಗೆ ಹೋದರೆ ಕೌಂಟಿಯ ಹೆಸರನ್ನು ಬದಿಗಿಡಿ. ಅಲ್ಲಿನ ಐಎಸ್‌ಡಿಗಳು, ಅಂದರೆ ಸ್ವತಂತ್ರ ಶಾಲಾ ಡಿಸ್ಟ್ರಿಕ್ಟ್‌ಗಳು, ಕೌಂಟಿ ಗಡಿಯನ್ನೂ ಊರ ಗಡಿಯನ್ನೂ ಅನುಸರಿಸುವುದಿಲ್ಲ. ಫ್ರಿಸ್ಕೊ ಐಎಸ್‌ಡಿ ಕಾಲಿನ್ ಮತ್ತು ಡೆಂಟನ್ ಎರಡೂ ಕೌಂಟಿಗಳಲ್ಲಿ ಹರಡಿದೆ. ಫ್ರಿಸ್ಕೊ ಊರಿನ ಕೆಲವು ಭಾಗ ಪ್ರಾಸ್ಪರ್, ಲೂಯಿಸ್‌ವಿಲ್, ಲಿಟ್ಲ್ ಎಲ್ಮ್ ಐಎಸ್‌ಡಿಗಳಿಗೆ ಸೇರುತ್ತದೆ.

ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿಯಲ್ಲಿ ಇನ್ನೊಂದು ತೊಡಕು. ಕೂಪರ್ಟಿನೋ ಯೂನಿಯನ್ ಡಿಸ್ಟ್ರಿಕ್ಟ್ 8ನೇ ತರಗತಿಯವರೆಗೆ ಮಾತ್ರ, ಹೈಸ್ಕೂಲಿಗೆ ಫ್ರೀಮಾಂಟ್ ಯೂನಿಯನ್ ಎಂಬ ಬೇರೆ ಡಿಸ್ಟ್ರಿಕ್ಟ್. ಈ ಫ್ರೀಮಾಂಟ್ ಯೂನಿಯನ್‌ಗೂ ಫ್ರೀಮಾಂಟ್ ಊರಿಗೂ ಸಂಬಂಧವಿಲ್ಲ. ಆ ಊರು ಪಕ್ಕದ ಆಲಮೀಡಾ ಕೌಂಟಿಯಲ್ಲಿದೆ, ಅದರ ಡಿಸ್ಟ್ರಿಕ್ಟ್ ಫ್ರೀಮಾಂಟ್ ಯೂನಿಫೈಡ್. ಒಂದರ ಫಲಿತಾಂಶ ನೋಡಿ ಇನ್ನೊಂದರಲ್ಲಿ ಮನೆ ಹಿಡಿಯುವುದು ಸುಲಭಕ್ಕೆ ಆಗಿಬಿಡುವ ತಪ್ಪು.

2. ವಿಳಾಸ ಹಾಕಿ ಶಾಲೆ ತೆಗೆಯಿರಿ

ಪ್ರತಿ ಶಾಲೆಗೂ ಒಂದು ಗಡಿ ಇರುತ್ತದೆ. ಆ ಗಡಿಯೊಳಗೆ ವಾಸವಿರುವ ಮಕ್ಕಳು ಆ ಶಾಲೆಗೆ. ಡಿಸ್ಟ್ರಿಕ್ಟ್‌ನ ಸ್ವಂತ ವೆಬ್‌ಸೈಟ್‌ನಲ್ಲಿ ವಿಳಾಸ ಹಾಕಿ ಶಾಲೆ ಹುಡುಕುವ ಪುಟ ಇರುತ್ತದೆ. ಅದರಲ್ಲಿ ಮನೆ ನಂಬರ್ ಸಮೇತ ವಿಳಾಸ ಕೊಟ್ಟರೆ ಎಲಿಮೆಂಟರಿ, ಮಿಡ್ಲ್, ಹೈಸ್ಕೂಲ್ ಮೂರರ ಹೆಸರೂ ಬರುತ್ತದೆ. ಸ್ಕ್ರೀನ್‌ಶಾಟ್ ತೆಗೆದು ದಿನಾಂಕ ಹಾಕಿಟ್ಟುಕೊಳ್ಳಿ. ಮನೆ ಮಾರುವ ಸೈಟ್‌ಗಳು ತೋರಿಸುವ ಶಾಲೆ ಹಳೆಯ ಗಡಿಯದ್ದಾಗಿರಬಹುದು, ಅದನ್ನು ನಂಬಿ ಮುಂಗಡ ಕೊಡಬೇಡಿ.

ಇಲ್ಲಿ ಹೆಚ್ಚು ಜನ ಎಡವುವುದು ಅಂಚೆ ವಿಳಾಸದಲ್ಲಿ. ಅಮೆರಿಕದಲ್ಲಿ ವಿಳಾಸದಲ್ಲಿರುವ ಊರಿನ ಹೆಸರು ಅಂಚೆ ಕಚೇರಿಯದು, ಆಡಳಿತದ್ದಲ್ಲ. ಭಾರತೀಯರು ಹೆಚ್ಚಾಗಿರುವ ಸೌತ್ ರೈಡಿಂಗ್ ಬಡಾವಣೆಯ ಮನೆಗಳ ವಿಳಾಸದಲ್ಲಿ ಶಾಂಟಿಲಿ ಎಂದಿರುತ್ತದೆ. ಬಡಾವಣೆ ಇರುವುದು ಲೌಡನ್ ಕೌಂಟಿಯಲ್ಲಿ. ಶಾಂಟಿಲಿ ಹೈಸ್ಕೂಲ್ ಇರುವುದು ಫೇರ್‌ಫ್ಯಾಕ್ಸ್ ಕೌಂಟಿಯಲ್ಲಿ. ಹಾಗೆಯೇ ಫಾಲ್ಸ್ ಚರ್ಚ್ ಎಂಬ ವಿಳಾಸವಿರುವ ಬಹುಪಾಲು ಮನೆಗಳು ಫೇರ್‌ಫ್ಯಾಕ್ಸ್ ಕೌಂಟಿಯವು. ಸ್ವಂತ ಶಾಲಾ ವ್ಯವಸ್ಥೆಯಿರುವ ಫಾಲ್ಸ್ ಚರ್ಚ್ ನಗರ ಬೇರೆ, ಬಹಳ ಚಿಕ್ಕದು. ಅಲೆಕ್ಸಾಂಡ್ರಿಯಾ ವಿಳಾಸಗಳಿಗೂ ಇದೇ ಎಚ್ಚರ ಬೇಕು.

ಒಂದೇ ಹೆಸರಿನ ಶಾಲೆಗಳು ದೇಶದ ತುಂಬ ಇವೆ. ಗೊಂದಲ ತಪ್ಪಿಸಲು ಎನ್‌ಸಿಇಎಸ್ ಎಂಬ ಕೇಂದ್ರ ಶಿಕ್ಷಣ ಅಂಕಿಅಂಶ ಸಂಸ್ಥೆ ಪ್ರತಿ ಶಾಲೆಗೆ ಕೊಟ್ಟಿರುವ 12 ಅಂಕಿಗಳ ಗುರುತಿನ ಸಂಖ್ಯೆಯನ್ನು ಹಾಳೆಯಲ್ಲಿ ಬರೆದುಕೊಳ್ಳಿ. ಮೊದಲ 7 ಅಂಕಿ ರಾಜ್ಯ ಮತ್ತು ಡಿಸ್ಟ್ರಿಕ್ಟ್‌ನದು, ಉಳಿದ 5 ಶಾಲೆಯದು.

ಇನ್ನೊಂದು ವಿಷಯ ಗಮನಿಸಿ: ಕೆಲವು ಎಲಿಮೆಂಟರಿ ಶಾಲೆಗಳ ಮಕ್ಕಳು ಮುಂದೆ ಎರಡು ಬೇರೆ ಬೇರೆ ಮಿಡ್ಲ್ ಸ್ಕೂಲುಗಳಿಗೆ ಹಂಚಿಹೋಗುತ್ತಾರೆ. ಒಂದೇ ಬೀದಿಯ ಎದುರುಬದುರು ಮನೆಗಳಿಗೆ ಹೈಸ್ಕೂಲ್ ಬೇರೆಯಾಗಬಹುದು. ತರಗತಿಗಳ ವಿಂಗಡಣೆಯೂ ಒಂದೇ ಥರ ಇಲ್ಲ. ಫೇರ್‌ಫ್ಯಾಕ್ಸ್‌ನಲ್ಲಿ ಎಲಿಮೆಂಟರಿ ಸಾಮಾನ್ಯವಾಗಿ 6ನೇ ತರಗತಿಯವರೆಗೆ ಮತ್ತು ಮಿಡ್ಲ್ 7, 8. ಲೌಡನ್‌ನಲ್ಲಿ ಎಲಿಮೆಂಟರಿ 5ರವರೆಗೆ ಮತ್ತು ಮಿಡ್ಲ್ 6ರಿಂದ 8.

3. ಅಂಕಿಅಂಶವನ್ನು ಮೂಲದಿಂದ ತೆಗೆಯಿರಿ

2015ರ ಎವ್ರಿ ಸ್ಟೂಡೆಂಟ್ ಸಕ್ಸೀಡ್ಸ್ ಕಾಯ್ದೆಯ ಪ್ರಕಾರ ಪ್ರತಿ ರಾಜ್ಯವೂ 3ರಿಂದ 8ನೇ ತರಗತಿಯವರೆಗೆ ವರ್ಷಕ್ಕೊಮ್ಮೆ, ಹೈಸ್ಕೂಲಿನಲ್ಲಿ ಒಮ್ಮೆ, ಓದು ಮತ್ತು ಗಣಿತದಲ್ಲಿ ಪರೀಕ್ಷೆ ನಡೆಸಬೇಕು. ಶಾಲಾವಾರು ಫಲಿತಾಂಶವನ್ನು ಪ್ರಕಟಿಸಲೂಬೇಕು. ಇದಕ್ಕೆ ರಿಪೋರ್ಟ್ ಕಾರ್ಡ್ ಎನ್ನುತ್ತಾರೆ. ವರ್ಜೀನಿಯಾದಲ್ಲಿ ಇದು ಸ್ಕೂಲ್ ಕ್ವಾಲಿಟಿ ಪ್ರೊಫೈಲ್ಸ್ ಎಂಬ ಸೈಟ್‌ನಲ್ಲಿದೆ, ಪರೀಕ್ಷೆಯ ಹೆಸರು ಎಸ್‌ಒಎಲ್. ಮೇರಿಲ್ಯಾಂಡ್‌ನಲ್ಲಿ ಪರೀಕ್ಷೆ ಎಂಸಿಎಪಿ, ಶಾಲೆಗಳಿಗೆ 1ರಿಂದ 5 ನಕ್ಷತ್ರ. ಟೆಕ್ಸಸ್‌ನಲ್ಲಿ ಪರೀಕ್ಷೆಯ ಹೆಸರು ಸ್ಟಾರ್ (STAAR), ಶಾಲೆಗಳಿಗೆ ಎ ಇಂದ ಎಫ್‌ವರೆಗೆ ದರ್ಜೆ. ಕ್ಯಾಲಿಫೋರ್ನಿಯಾದ ಡ್ಯಾಶ್‌ಬೋರ್ಡ್ ಕೆಂಪಿನಿಂದ ನೀಲಿಯವರೆಗೆ ಐದು ಬಣ್ಣ ತೋರಿಸುತ್ತದೆ.

ದರ್ಜೆ, ನಕ್ಷತ್ರ, ಬಣ್ಣಗಳನ್ನು ಹಾಳೆಗೆ ಇಳಿಸಬೇಡಿ. ಅವು ಹಲವು ಸಂಖ್ಯೆಗಳನ್ನು ಕೂಡಿಸಿ ಮಾಡಿದ ಸಾರ, ಕೂಡಿಸುವ ಸೂತ್ರ ರಾಜ್ಯಕ್ಕೊಂದು. ಉತ್ತರ ಕ್ಯಾರೊಲೈನಾದ ದರ್ಜೆಯಲ್ಲಿ 80% ಭಾರ ಪರೀಕ್ಷೆಯ ಸಾಧನೆಗೆ, 20% ಮಾತ್ರ ಪ್ರಗತಿಗೆ. ಕ್ಯಾಲಿಫೋರ್ನಿಯಾದ ಬಣ್ಣದಲ್ಲಿ ಈ ವರ್ಷದ ಮಟ್ಟವೂ ಹಿಂದಿನ ವರ್ಷದಿಂದ ಆದ ಏರಿಳಿತವೂ ಸೇರಿಕೊಂಡಿವೆ. ನಿಮಗೆ ಬೇಕಾದದ್ದು ಒಳಗಿನ ಸಂಖ್ಯೆಗಳು:

ಓದು ಮತ್ತು ಗಣಿತದ ಪಾಸ್ ಪ್ರಮಾಣ, ತರಗತಿವಾರು. ಅದೇ ಪ್ರಮಾಣ ಗುಂಪುವಾರು. ಪ್ರಗತಿಯ ಅಂಕ. ದೀರ್ಘ ಗೈರುಹಾಜರಿ, ಅಂದರೆ ಶಾಲಾ ದಿನಗಳಲ್ಲಿ 10% ಅಥವಾ ಹೆಚ್ಚು ತಪ್ಪಿಸಿದ ಮಕ್ಕಳ ಪಾಲು. 180 ದಿನದ ವರ್ಷದಲ್ಲಿ 18 ದಿನ. ಹೊಸ ಶಿಕ್ಷಕರ ಮತ್ತು ತಾತ್ಕಾಲಿಕ ಪರವಾನಗಿಯ ಮೇಲೆ ಪಾಠ ಮಾಡುವವರ ಪಾಲು. ಶಾಲೆಯ ಒಟ್ಟು ಮಕ್ಕಳ ಸಂಖ್ಯೆ.

ಕನಿಷ್ಠ ಮೂರು ವರ್ಷದ್ದು ಬೇಕು. ಒಂದು ತರಗತಿಯಲ್ಲಿ 60 ಮಕ್ಕಳಿದ್ದರೆ ಮೂವರ ಫಲಿತಾಂಶ ಬದಲಾದರೂ ಪಾಸ್ ಪ್ರಮಾಣ 5 ಅಂಕ ಏರುತ್ತದೆ ಅಥವಾ ಇಳಿಯುತ್ತದೆ. ಅದನ್ನು ಶಾಲೆ ಸುಧಾರಿಸಿದೆ, ಕೆಟ್ಟಿದೆ ಎಂದು ಓದಬಾರದು. 2020ರ ವಸಂತದಲ್ಲಿ ಕೋವಿಡ್‌ನಿಂದ ಪರೀಕ್ಷೆಯೇ ನಡೆಯಲಿಲ್ಲ. 2021ರಲ್ಲಿ ಹಲವೆಡೆ ಪರೀಕ್ಷೆ ಬರೆದವರು ಕಡಿಮೆ. ಆ ಎರಡು ವರ್ಷಗಳನ್ನು ಹೋಲಿಕೆಯಿಂದ ಬಿಡಿ. ಗುಂಪು ತೀರ ಚಿಕ್ಕದಿದ್ದರೆ ಮಕ್ಕಳ ಗುರುತು ಸಿಗಬಾರದೆಂದು ಸಂಖ್ಯೆಯ ಜಾಗದಲ್ಲಿ ನಕ್ಷತ್ರ ಚಿಹ್ನೆ ಅಥವಾ ಕಡಿಮೆ-ಚಿಹ್ನೆ ಹಾಕಿರುತ್ತಾರೆ. ಅದು ಸೊನ್ನೆಯಲ್ಲ, ಖಾಲಿ ಬಿಡಿ.

4. ಪಾಸ್ ಪ್ರಮಾಣವನ್ನು ಬಿಡಿಸಿ ನೋಡಿ

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದ ಹಂತ ಇದು.

ಶಾಲೆಯ ಒಟ್ಟು ಪಾಸ್ ಪ್ರಮಾಣ ಬಹುಮಟ್ಟಿಗೆ ಅಲ್ಲಿ ಓದುವ ಮಕ್ಕಳ ಮನೆಯ ಆದಾಯವನ್ನು ತೋರಿಸುತ್ತದೆ, ಪಾಠದ ಗುಣಮಟ್ಟವನ್ನು ಅಷ್ಟಾಗಿ ಅಲ್ಲ. ಲೆಕ್ಕ ಹಾಕಿ ನೋಡೋಣ. ಸಂಖ್ಯೆಗಳು ಉದಾಹರಣೆಗೆ ಮಾತ್ರ. 'ಅ' ಶಾಲೆಯಲ್ಲಿ 8% ಮಕ್ಕಳು ಬಡ ಕುಟುಂಬದವರು, 'ಆ' ಶಾಲೆಯಲ್ಲಿ 45%. ಎರಡರಲ್ಲೂ ಬಡ ಕುಟುಂಬದ ಮಕ್ಕಳಲ್ಲಿ 65%, ಉಳಿದವರಲ್ಲಿ 94% ಪಾಸಾಗುತ್ತಾರೆ ಎಂದುಕೊಳ್ಳಿ. 'ಅ' ಶಾಲೆಯ ಒಟ್ಟು ಪಾಸ್ ಪ್ರಮಾಣ ಸುಮಾರು 92% ಆಗುತ್ತದೆ, 'ಆ' ಶಾಲೆಯದು ಸುಮಾರು 81%. ಕಲಿಸುವುದರಲ್ಲಿ ಎರಡಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಆದರೂ ಆ್ಯಪ್‌ನಲ್ಲಿ ಒಂದಕ್ಕೆ ದೊಡ್ಡ ಅಂಕ, ಇನ್ನೊಂದಕ್ಕೆ ಸಣ್ಣದು. ಮನೆ ಬೆಲೆ ಅದನ್ನೇ ಹಿಂಬಾಲಿಸುತ್ತದೆ. ಆದ್ದರಿಂದ ಒಟ್ಟು ಪ್ರಮಾಣದ ಪಕ್ಕದಲ್ಲೇ ಗುಂಪುವಾರು ಪ್ರಮಾಣ ಬರೆದು, ಎರಡು ಶಾಲೆಗಳ ಒಂದೇ ಗುಂಪನ್ನು ಹೋಲಿಸಿ.

ಗುಂಪುಗಳನ್ನು ಓದುವಾಗ ಮೂರು ಎಚ್ಚರಿಕೆ.

ಬಡತನದ ಲೆಕ್ಕ ಮಧ್ಯಾಹ್ನದ ಊಟದಿಂದ ಬರುತ್ತದೆ. ಕುಟುಂಬದ ಆದಾಯ ಕೇಂದ್ರ ಸರ್ಕಾರದ ಬಡತನ ರೇಖೆಯ 130%ರ ಒಳಗಿದ್ದರೆ ಊಟ ಉಚಿತ, 185%ರ ಒಳಗಿದ್ದರೆ ರಿಯಾಯಿತಿ. ಆದರೆ ಕೆಲವು ಶಾಲೆಗಳು ಸಿಇಪಿ ಎಂಬ ಯೋಜನೆಯಡಿ ಎಲ್ಲ ಮಕ್ಕಳಿಗೂ ಉಚಿತ ಊಟ ಕೊಡುತ್ತವೆ. ಅಂಥ ಶಾಲೆಯಲ್ಲಿ 100% ಎಂದು ಕಂಡರೆ ಎಲ್ಲರೂ ಬಡವರೆಂದಲ್ಲ.

ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳ ಗುಂಪಿನ ಪಾಸ್ ಪ್ರಮಾಣ ಎಲ್ಲ ಕಡೆ ಕಡಿಮೆಯೇ ಇರುತ್ತದೆ. ಇಂಗ್ಲಿಷ್ ಕೈಗೆ ಹತ್ತಿದ ಮಗು ಆ ಗುಂಪಿನಿಂದ ಹೊರಬರುತ್ತದೆ, ಇನ್ನೂ ಬಾರದವರು ಮಾತ್ರ ಒಳಗೆ ಉಳಿಯುತ್ತಾರೆ. ಅಲ್ಲಿ ನೋಡಬೇಕಾದದ್ದು ಪಾಸ್ ಪ್ರಮಾಣವನ್ನಲ್ಲ, ವರ್ಷದಲ್ಲಿ ಇಂಗ್ಲಿಷಿನಲ್ಲಿ ಎಷ್ಟು ಮಕ್ಕಳು ನಿಗದಿತ ಪ್ರಗತಿ ಸಾಧಿಸಿದರು ಎಂಬ ಪ್ರತ್ಯೇಕ ಅಂಕವನ್ನು.

ಏಷ್ಯನ್ ಗುಂಪಿನ ಪಾಲು ಹೆಚ್ಚಿದ್ದರೆ ಶಾಲೆ ಒಳ್ಳೆಯದು ಎಂದು ನಮ್ಮವರಲ್ಲಿ ಅನೇಕರು ತೀರ್ಮಾನಿಸುತ್ತಾರೆ. ಆ ಗುಂಪಿನಲ್ಲಿ ಭಾರತೀಯರು, ಕೊರಿಯನ್ನರು, ವಿಯೆಟ್ನಾಮಿನವರು ಎಲ್ಲ ಸೇರಿದ್ದಾರೆ. ಅಪ್ಪ ಅಮ್ಮನ ಓದು, ಮನೆಪಾಠ, ಶನಿವಾರದ ಗಣಿತ ಕ್ಲಾಸು ಎಲ್ಲವೂ ಆ ಅಂಕದೊಳಗಿದೆ. ಅದು ಶಾಲೆ ಮಾಡಿದ ಕೆಲಸದ ಅಳತೆಯಲ್ಲ. ಮಗುವಿಗೆ ನಮ್ಮ ಕಡೆಯ ಗೆಳೆಯರು ಬೇಕು ಎಂಬ ಆಸೆ ಸಹಜ, ಅದನ್ನು ಬೇರೆಯಾಗಿಯೇ ಬರೆದುಕೊಳ್ಳಿ.

ಇನ್ನು ಗಣಿತದ ಒಂದು ಬಲೆ. ವರ್ಜೀನಿಯಾದಲ್ಲಿ ಮಗು ಯಾವ ಕೋರ್ಸ್ ಓದುತ್ತದೋ ಆ ಕೋರ್ಸಿನ ಪರೀಕ್ಷೆ ಬರೆಯುತ್ತದೆ. 8ನೇ ತರಗತಿಯಲ್ಲೇ ಆಲ್ಜೀಬ್ರಾ 1, ಅಂದರೆ ಹೈಸ್ಕೂಲ್ ಮಟ್ಟದ ಬೀಜಗಣಿತ, ತೆಗೆದುಕೊಂಡವರು 8ನೇ ತರಗತಿಯ ಗಣಿತ ಪರೀಕ್ಷೆ ಬರೆಯುವುದಿಲ್ಲ. ಗಣಿತದಲ್ಲಿ ಮುಂದಿರುವ ಮಕ್ಕಳು ಹೆಚ್ಚಾಗಿರುವ ಮಿಡ್ಲ್ ಸ್ಕೂಲಿನಲ್ಲಿ '8ನೇ ತರಗತಿ ಗಣಿತ' ಎಂಬ ಸಾಲಿನಲ್ಲಿ ಉಳಿಯುವವರು ಮುಂದಕ್ಕೆ ಹೋಗದ ಮಕ್ಕಳು ಮಾತ್ರ, ಹಾಗಾಗಿ ಪಾಸ್ ಪ್ರಮಾಣ ಕಳಪೆಯಾಗಿ ಕಾಣಬಹುದು. ಆಲ್ಜೀಬ್ರಾ 1ರ ಸಾಲನ್ನೂ ಸೇರಿಸಿ ಓದಿ. ಕ್ಯಾಲಿಫೋರ್ನಿಯಾದಲ್ಲಿ 8ನೇ ತರಗತಿಯ ಎಲ್ಲರೂ ಒಂದೇ ಪರೀಕ್ಷೆ ಬರೆಯುವುದರಿಂದ ಅಲ್ಲಿ ಈ ತೊಂದರೆ ಇಲ್ಲ.

ಇದರ ತಿರುಗುಮುರುಗು ಬಲೆಯೂ ಇದೆ. ಫೇರ್‌ಫ್ಯಾಕ್ಸ್‌ನಲ್ಲಿ ಎಎಪಿ ಎಂಬ ಮುಂದುವರಿದ ಕಲಿಕೆಯ ಕಾರ್ಯಕ್ರಮವಿದೆ. ಅದರ ಪೂರ್ಣ ಪ್ರಮಾಣದ ಕೇಂದ್ರಗಳು ಕೆಲವು ಶಾಲೆಗಳಲ್ಲಿ ಮಾತ್ರ, ಸುತ್ತಲಿನ ಶಾಲೆಗಳಿಂದ ಆಯ್ಕೆಯಾದ ಮಕ್ಕಳು 3ನೇ ತರಗತಿಯಿಂದ ಅಲ್ಲಿಗೆ ಬರುತ್ತಾರೆ. ಕೇಂದ್ರವಿರುವ ಶಾಲೆಯ ಸರಾಸರಿ ಇದರಿಂದ ಮೇಲೇರುತ್ತದೆ, ಮಕ್ಕಳನ್ನು ಕಳಿಸಿಕೊಟ್ಟ ಶಾಲೆಯದು ಕೆಳಗಿಳಿಯುತ್ತದೆ. ನಿಮ್ಮ ಮಗು ಆ ಕಾರ್ಯಕ್ರಮದಲ್ಲಿ ಇಲ್ಲದಿದ್ದರೆ ಮೇಲೇರಿದ ಸರಾಸರಿಯಿಂದ ಅದಕ್ಕೆ ಸಿಗುವುದೇನೂ ಇಲ್ಲ. ಗುರುತಿಸುವುದು ಹೇಗೆ? 2ನೇ ತರಗತಿಗಿಂತ 3ನೇ ತರಗತಿಯಲ್ಲಿ ಮಕ್ಕಳ ಸಂಖ್ಯೆ ಥಟ್ಟನೆ ಜಾಸ್ತಿಯಾಗಿದ್ದರೆ ಬಹುಶಃ ಅದು ಕೇಂದ್ರ ಶಾಲೆ.

ಕೊನೆಯದಾಗಿ, ಎರಡು ರಾಜ್ಯಗಳ ಪಾಸ್ ಪ್ರಮಾಣವನ್ನು ಎಂದೂ ಪಕ್ಕಪಕ್ಕ ಇಡಬೇಡಿ. 2024ರ ವಸಂತದ ಪರೀಕ್ಷೆಗಳಲ್ಲಿ ವರ್ಜೀನಿಯಾದ ಓದಿನ ಪಾಸ್ ಪ್ರಮಾಣ 73%ರ ಹತ್ತಿರ, ಮೇರಿಲ್ಯಾಂಡ್‌ನದು 50%ಕ್ಕಿಂತ ಕಡಿಮೆ. ಎರಡು ರಾಜ್ಯಗಳ ನಡುವೆ ಹರಿಯುವ ಪೊಟೊಮ್ಯಾಕ್ ನದಿಯ ಆ ದಡದ, ಅಂದರೆ ಮೇರಿಲ್ಯಾಂಡ್ ಕಡೆಯ, ಮಕ್ಕಳು ಅಷ್ಟು ಹಿಂದಿಲ್ಲ; ಪಾಸ್ ಗೆರೆಯನ್ನು ವರ್ಜೀನಿಯಾ ಕೆಳಗೆ ಎಳೆದಿತ್ತು, ಅಷ್ಟೆ. ನದಿಯ ಎರಡೂ ಕಡೆ ಮನೆ ನೋಡುತ್ತಿದ್ದರೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಎಜುಕೇಶನಲ್ ಆಪರ್ಚುನಿಟಿ ಪ್ರಾಜೆಕ್ಟ್ ನೋಡಿ. ಅದು ಎಲ್ಲ ರಾಜ್ಯಗಳ 3ರಿಂದ 8ನೇ ತರಗತಿಯ ಫಲಿತಾಂಶವನ್ನು ಒಂದೇ ಅಳತೆಗೋಲಿಗೆ ತಂದು ಶಾಲೆ, ಡಿಸ್ಟ್ರಿಕ್ಟ್, ಕೌಂಟಿ ಮೂರು ಮಟ್ಟದಲ್ಲೂ ಕೊಡುತ್ತದೆ.

5. ಪ್ರಗತಿಗೆ ಹೆಚ್ಚು ಬೆಲೆ ಕೊಡಿ

ಪ್ರಗತಿ ಎಂದರೆ ಅದೇ ಮಗು ಹೋದ ವರ್ಷ ಎಲ್ಲಿತ್ತು, ಈ ವರ್ಷ ಎಲ್ಲಿಗೆ ಬಂತು ಎಂಬುದು. ಶಾಲೆಗೆ ಬರುವ ಮುನ್ನ ಮಗುವಿಗೆ ಏನು ಗೊತ್ತಿತ್ತು ಎಂಬುದನ್ನು ಇದು ಕಳೆದುಬಿಡುವುದರಿಂದ, ಶಾಲೆಯ ಪಾಲಿನ ಕೆಲಸಕ್ಕೆ ಇದಕ್ಕಿಂತ ಹತ್ತಿರದ ಅಳತೆ ಸಾರ್ವಜನಿಕವಾಗಿ ಸಿಗುವುದಿಲ್ಲ. ಉತ್ತರ ಕ್ಯಾರೊಲೈನಾ ಇದನ್ನು ಮೂರು ಮಾತಿನಲ್ಲಿ ಹೇಳುತ್ತದೆ: ನಿರೀಕ್ಷೆ ಮೀರಿದೆ, ನಿರೀಕ್ಷೆಯಷ್ಟಿದೆ, ನಿರೀಕ್ಷೆ ಮುಟ್ಟಿಲ್ಲ. ಸ್ಟ್ಯಾನ್‌ಫರ್ಡ್‌ನ ಸೈಟ್‌ನಲ್ಲಿ ಇದಕ್ಕೆ ಕಲಿಕೆಯ ವೇಗ ಎಂಬ ಪ್ರತ್ಯೇಕ ನಕ್ಷೆ ಇದೆ.

ಮೂರು ವರ್ಷವೂ ಪ್ರಗತಿ ಚೆನ್ನಾಗಿದ್ದು, ಒಟ್ಟು ಪಾಸ್ ಪ್ರಮಾಣ ಸಾಧಾರಣವಿರುವ ಶಾಲೆ ಸಿಕ್ಕರೆ ಅದನ್ನು ಗಂಭೀರವಾಗಿ ಪರಿಗಣಿಸಿ. ಅಲ್ಲಿ ಮನೆ ಬಾಡಿಗೆಯೂ ಸಾಮಾನ್ಯವಾಗಿ ಕಡಿಮೆ ಇರುತ್ತದೆ. ತಿರುಗಿಸಿ ನೋಡಿದರೆ, ಪಾಸ್ ಪ್ರಮಾಣ 95% ಇದ್ದೂ ಪ್ರಗತಿ ಸತತವಾಗಿ ಮಂದವಾಗಿದ್ದರೆ ಮಕ್ಕಳು ಕಲಿತೇ ಬರುತ್ತಿದ್ದಾರೆ ಎಂದು ಅರ್ಥ. ತುದಿಯ ಅಂಕ ಪಡೆಯುವವರಿಗೆ ಇನ್ನೂ ಏರಲು ಜಾಗವಿರುವುದಿಲ್ಲವಾದ್ದರಿಂದ ಒಂದೇ ವರ್ಷದ ಮಂದಗತಿಗೆ ಹೆದರಬೇಕಿಲ್ಲ, ಮೂರು ವರ್ಷ ನೋಡಿ.

6. ಹೈಸ್ಕೂಲಿಗೆ ಬೇರೆಯದೇ ಪಟ್ಟಿ

ಹೈಸ್ಕೂಲಿನಲ್ಲಿ ನಾಲ್ಕು ವರ್ಷದ ಪದವಿ ಪ್ರಮಾಣವನ್ನು, ಅಂದರೆ 9ನೇ ತರಗತಿಗೆ ಸೇರಿದವರಲ್ಲಿ ಎಷ್ಟು ಮಂದಿ ನಾಲ್ಕೇ ವರ್ಷದಲ್ಲಿ ಮುಗಿಸಿದರು ಎಂಬುದನ್ನು, ದೊಡ್ಡದಾಗಿ ತೋರಿಸುತ್ತಾರೆ. ಉತ್ತರ ವರ್ಜೀನಿಯಾದಂಥ ಕಡೆ ಬಹುತೇಕ ಶಾಲೆಗಳಲ್ಲಿ ಅದು ಹೆಚ್ಚೇ ಇರುವುದರಿಂದ ಆಯ್ಕೆಗೆ ಅಷ್ಟು ನೆರವಾಗದು. ಕೋರ್ಸುಗಳನ್ನು ನೋಡಿ. ಎಪಿ ಎಂಬುದು ಕಾಲೇಜು ಮಟ್ಟದ ಬಿಡಿ ಬಿಡಿ ಕೋರ್ಸು, ಪರೀಕ್ಷೆಗೆ 1ರಿಂದ 5 ಅಂಕ, 3 ಬಂದರೆ ಪಾಸ್ ಎಂದು ಲೆಕ್ಕ. ಐಬಿ ಎಂಬುದು 11 ಮತ್ತು 12ರ ಎರಡು ವರ್ಷದ ಅಂತರರಾಷ್ಟ್ರೀಯ ಪಠ್ಯಕ್ರಮ. ಫೇರ್‌ಫ್ಯಾಕ್ಸ್‌ನ ಕೆಲವು ಹೈಸ್ಕೂಲುಗಳು ಎಪಿಯವು, ಸೌತ್ ಲೇಕ್ಸ್, ರಾಬಿನ್ಸನ್, ಮಾರ್ಷಲ್‌ನಂಥವು ಐಬಿಯವು. ಎಷ್ಟು ಎಪಿ ಕೋರ್ಸುಗಳಿವೆ ಎಂಬ ಸಂಖ್ಯೆಗಿಂತ ಎಷ್ಟು ಪಾಲು ಮಕ್ಕಳು ತೆಗೆದುಕೊಳ್ಳುತ್ತಾರೆ, ಅವರಲ್ಲಿ ಎಷ್ಟು ಮಂದಿಗೆ 3 ಅಥವಾ ಹೆಚ್ಚು ಬರುತ್ತದೆ ಎಂಬ ಎರಡು ಸಂಖ್ಯೆ ಮುಖ್ಯ.

ಫೇರ್‌ಫ್ಯಾಕ್ಸ್ ಕೌಂಟಿಯ ಥಾಮಸ್ ಜೆಫರ್ಸನ್ ವಿಜ್ಞಾನ ಹೈಸ್ಕೂಲ್, ಎಲ್ಲರೂ ಟಿಜೆ ಎನ್ನುವುದು, ವಿಳಾಸದ ಮೇಲೆ ಸಿಗುವ ಶಾಲೆಯಲ್ಲ. ಅದರ ಫಲಿತಾಂಶವನ್ನು ಯಾವ ಬಡಾವಣೆಗೂ ಆರೋಪಿಸಬೇಡಿ. ಅಲ್ಲಿನ ಪ್ರವೇಶ ಪರೀಕ್ಷೆಯನ್ನು 2020ರಲ್ಲಿ ಕೈಬಿಟ್ಟು, ಪ್ರತಿ ಸರ್ಕಾರಿ ಮಿಡ್ಲ್ ಸ್ಕೂಲಿನ 8ನೇ ತರಗತಿಯ 1.5%ರಷ್ಟು ಮಕ್ಕಳಿಗೆ ಸೀಟು ಹಂಚುವ ಪದ್ಧತಿ ತಂದರು. ಟಿಜೆಗೆ ಹೆಚ್ಚು ಮಕ್ಕಳನ್ನು ಕಳಿಸುತ್ತಿದ್ದ ಮಿಡ್ಲ್ ಸ್ಕೂಲಿನ ಗಡಿಯಲ್ಲೇ ಮನೆ ಬೇಕೆಂದು ಹೆಚ್ಚು ಹಣ ಕೊಡುವುದಕ್ಕೆ ಈಗ ಹಿಂದಿನಷ್ಟು ಅರ್ಥ ಉಳಿದಿಲ್ಲ.

ಶಿಕ್ಷಕ-ವಿದ್ಯಾರ್ಥಿ ಅನುಪಾತ 1:14 ಎಂದಿದ್ದರೆ ತರಗತಿಯಲ್ಲಿ 14 ಮಕ್ಕಳು ಎಂದಲ್ಲ. ವಿಶೇಷ ಶಿಕ್ಷಣ, ಸಂಗೀತ, ಇಂಗ್ಲಿಷ್ ನೆರವಿನ ಶಿಕ್ಷಕರೂ ಆ ಲೆಕ್ಕದಲ್ಲಿರುತ್ತಾರೆ. ತರಗತಿಯ ನಿಜವಾದ ಗಾತ್ರವನ್ನು ಶಾಲೆಯನ್ನೇ ಕೇಳಿ.

7. ಗಡಿ ನಿಲ್ಲುತ್ತದೆಯೇ ನೋಡಿ

ಈ ಹಂತವನ್ನು ಬಿಟ್ಟವರೇ ಆಮೇಲೆ ಹೆಚ್ಚು ನೊಂದುಕೊಳ್ಳುವುದು. ನೀವು ಶಾಲೆ ನೋಡಿ ಮನೆ ಕೊಳ್ಳುತ್ತೀರಿ, ಎರಡು ವರ್ಷಕ್ಕೆ ಗಡಿ ಬದಲಾಗುತ್ತದೆ. ಮೇರಿಲ್ಯಾಂಡ್‌ನ ಹೊವರ್ಡ್ ಕೌಂಟಿ 2019ರಲ್ಲಿ ದೊಡ್ಡ ಪ್ರಮಾಣದಲ್ಲಿ ಗಡಿ ಬದಲಿಸಿತು. ಫೇರ್‌ಫ್ಯಾಕ್ಸ್ 2024ರಲ್ಲಿ ಇಡೀ ಕೌಂಟಿಯ ಗಡಿಗಳ ಪರಿಶೀಲನೆ ಆರಂಭಿಸಿತು. ಹೊಸ ಬಡಾವಣೆಗಳು ಏಳುತ್ತಲೇ ಇರುವ ಲೌಡನ್‌ನಲ್ಲಿ ಹೊಸ ಶಾಲೆ ತೆರೆದಾಗಲೆಲ್ಲ ಸುತ್ತಲಿನ ಗಡಿ ಅಲ್ಲಾಡುತ್ತದೆ.

ಮುನ್ಸೂಚನೆ ಸಿಗುವ ಜಾಗವೊಂದಿದೆ: ಡಿಸ್ಟ್ರಿಕ್ಟ್ ಪ್ರತಿ ವರ್ಷ ಹೊರಡಿಸುವ ಸಿಐಪಿ, ಅಂದರೆ ಕಟ್ಟಡ ಕಾಮಗಾರಿಗಳ ಯೋಜನೆ. ಅದರಲ್ಲಿ ಪ್ರತಿ ಶಾಲೆಯ ಸಾಮರ್ಥ್ಯ, ಈಗಿನ ಮಕ್ಕಳ ಸಂಖ್ಯೆ, ಮುಂದಿನ ಐದಾರು ವರ್ಷದ ಅಂದಾಜು ಇರುತ್ತದೆ. ನಿಮ್ಮ ಶಾಲೆ ಸಾಮರ್ಥ್ಯದ 100% ದಾಟಿದ್ದರೆ ಮೈದಾನದಲ್ಲಿ ಟ್ರೈಲರ್ ತರಗತಿಗಳು, ಅಂದರೆ ತಂದಿರಿಸುವ ತಾತ್ಕಾಲಿಕ ಕೋಣೆಗಳು, ಇರುವ ಸಾಧ್ಯತೆ ಹೆಚ್ಚು. 110, 115% ದಾಟುವ ಅಂದಾಜಿದ್ದು, ಪಕ್ಕದ ಶಾಲೆಯಲ್ಲಿ ಜಾಗ ಖಾಲಿಯಿದ್ದರೆ ಗಡಿ ಸರಿಯುವ ಲಕ್ಷಣ. ಆಗ ಗಡಿಯ ಅಂಚಿನ ಮನೆಗಿಂತ ಶಾಲೆಗೆ ನಡೆದುಹೋಗುವಷ್ಟು ಹತ್ತಿರದ ಮನೆ ಕ್ಷೇಮ.

ವೇಕ್ ಕೌಂಟಿಗೆ ಹೋಗುವವರು ಇನ್ನೊಂದನ್ನು ಕೇಳಬೇಕು: ಆ ಶಾಲೆಗೆ ಪ್ರವೇಶ ಮಿತಿ ಇದೆಯೇ? ಮಿತಿ ಇರುವ ಶಾಲೆಯ ಗಡಿಯೊಳಗೆ ಹೊಸದಾಗಿ ಬಂದವರಿಗೆ ಜಾಗವಿಲ್ಲದಿದ್ದರೆ ಮಗುವನ್ನು ದೂರದ ಬೇರೆ ಶಾಲೆಗೆ ಕಳಿಸುತ್ತಾರೆ. ಅಲ್ಲಿ ಕೆಲವು ಶಾಲೆಗಳು ವರ್ಷಪೂರ್ತಿ ನಡೆಯುತ್ತವೆ, ರಜೆ ತುಂಡು ತುಂಡಾಗಿ ಬರುತ್ತದೆ. ಬೇಸಿಗೆಯಲ್ಲಿ ಎರಡು ತಿಂಗಳು ಊರಿಗೆ ಬರುವ ಲೆಕ್ಕದವರು ಇದನ್ನು ಮೊದಲೇ ನೋಡಿಕೊಳ್ಳಬೇಕು.

8. ಫೋನ್ ಮಾಡಿ

ಹಾಳೆಯಲ್ಲಿ ಎರಡು ಮೂರು ಶಾಲೆ ಉಳಿದಾಗ ಶಾಲಾ ಕಚೇರಿಯ ರಿಜಿಸ್ಟ್ರಾರ್‌ಗೆ, ಅಂದರೆ ದಾಖಲಾತಿ ನೋಡುವವರಿಗೆ, ಫೋನ್ ಮಾಡಿ. ವಿಳಾಸ ಹೇಳಿ, ಈ ಮನೆ ನಿಮ್ಮ ಶಾಲೆಗೆ ಸೇರುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ. ನಮ್ಮ ಮಗುವಿನ ತರಗತಿಯಲ್ಲಿ ಎಷ್ಟು ವಿಭಾಗ, ತಲಾ ಎಷ್ಟು ಮಕ್ಕಳು? ವರ್ಷದ ನಡುವೆ ಬಂದರೆ ಗಣಿತದ ಮಟ್ಟವನ್ನು ಹೇಗೆ ನಿರ್ಧರಿಸುತ್ತೀರಿ? ಪ್ರಿನ್ಸಿಪಾಲ್ ಬಂದು ಎಷ್ಟು ವರ್ಷವಾಯಿತು? ಮಗು ಹೊರಗೆ ಕನ್ನಡ ಕಲಿಯುತ್ತಿದ್ದರೆ ಹೈಸ್ಕೂಲಿನಲ್ಲಿ ಭಾಷೆಯ ಕ್ರೆಡಿಟ್‌ಗೆ ಅದನ್ನು ಒಪ್ಪುತ್ತೀರಾ ಎಂದೂ ಕೇಳಿ. ಮಗುವಿಗೆ ವಿಶೇಷ ಶಿಕ್ಷಣದ ಯೋಜನೆ, ಅಂದರೆ ಐಇಪಿ, ಈಗಾಗಲೇ ಅಮೆರಿಕದಲ್ಲಿ ಆಗಿದ್ದರೆ ಹೊಸ ಡಿಸ್ಟ್ರಿಕ್ಟ್ ತನ್ನದೇ ಯೋಜನೆ ಮಾಡುವವರೆಗೆ ಅದಕ್ಕೆ ಸಮನಾದ ಸೇವೆ ಕೊಡಲೇಬೇಕು. ಹಳೆಯ ಕಾಗದಗಳ ಪ್ರತಿಯನ್ನು ನೀವೇ ಒಯ್ಯಿರಿ.

ಖಚಿತವಿಲ್ಲದಿದ್ದರೆ ಮೊದಲ ವರ್ಷ ಅದೇ ಹೈಸ್ಕೂಲ್ ಗಡಿಯೊಳಗೆ ಬಾಡಿಗೆಗೆ ಇರಿ, ಕೊಳ್ಳುವುದನ್ನು ಆಮೇಲೆ ನೋಡಿ.

9. ದಾಖಲಾತಿಯಲ್ಲಿ ನಮ್ಮವರು ಎಡವುವ ಕಡೆಗಳು

ವಯಸ್ಸು: ಕಿಂಡರ್‌ಗಾರ್ಟನ್‌ಗೆ 5 ವರ್ಷ ತುಂಬಿರಬೇಕಾದ ದಿನ ರಾಜ್ಯಕ್ಕೊಂದು. ವರ್ಜೀನಿಯಾದಲ್ಲಿ ಸೆಪ್ಟೆಂಬರ್ 30, ಮೇರಿಲ್ಯಾಂಡ್, ಟೆಕ್ಸಸ್, ಕ್ಯಾಲಿಫೋರ್ನಿಯಾ, ಜಾರ್ಜಿಯಾದಲ್ಲಿ ಸೆಪ್ಟೆಂಬರ್ 1, ಉತ್ತರ ಕ್ಯಾರೊಲೈನಾದಲ್ಲಿ ಆಗಸ್ಟ್ 31. ಸೆಪ್ಟೆಂಬರ್ ಮಧ್ಯದಲ್ಲಿ ಹುಟ್ಟಿದ ಮಗುವಿಗೆ ನದಿ ದಾಟಿದರೆ ಒಂದು ವರ್ಷವೇ ಹೆಚ್ಚುಕಡಿಮೆಯಾಗಬಹುದು.

ಲಸಿಕೆ: ನಮ್ಮ ಸರ್ಕಾರಿ ಲಸಿಕಾ ಕಾರ್ಯಕ್ರಮದಲ್ಲಿ ಕೊಡುವುದು ದಡಾರ-ರುಬೆಲ್ಲಾದ ಎಂಆರ್, ಅದರಲ್ಲಿ ಮಂಗನಬಾವು ಇಲ್ಲ. ಸೀತಾಳೆ ಸಿಡುಬಿನ ಲಸಿಕೆಯೂ ಅದರಲ್ಲಿಲ್ಲ. ಅಮೆರಿಕದ ಬಹುತೇಕ ಶಾಲೆಗಳು ಎರಡನ್ನೂ ಕೇಳುತ್ತವೆ. ಬೆಂಗಳೂರಿನಿಂದ ನೇರ ಹೋಗುವವರು ಮಕ್ಕಳ ವೈದ್ಯರ ಹತ್ತಿರ ಇಲ್ಲೇ ಹಾಕಿಸಿ, ದಿನಾಂಕವಿರುವ ಕಾರ್ಡಿಗೆ ಸಹಿ ಮಾಡಿಸಿಕೊಂಡರೆ ಅಲ್ಲಿ ದಾಖಲಾತಿ ನಿಲ್ಲುವುದಿಲ್ಲ.

ಮನೆಭಾಷೆ: ದಾಖಲಾತಿ ಫಾರಂನಲ್ಲಿ ಮನೆಯಲ್ಲಿ ಆಡುವ ಭಾಷೆ ಯಾವುದು ಎಂಬ ಪ್ರಶ್ನೆ ಇರುತ್ತದೆ. ಕನ್ನಡ ಎಂದು ಬರೆದರೆ ಮಗುವಿಗೆ ಇಂಗ್ಲಿಷಿನ ಒಂದು ಸಣ್ಣ ಪರೀಕ್ಷೆ ಇಡುತ್ತಾರೆ, ಉದಾಹರಣೆಗೆ ಕ್ಯಾಲಿಫೋರ್ನಿಯಾದಲ್ಲಿ ಎಲ್‌ಪ್ಯಾಕ್. ಅದಕ್ಕೆ ಹೆದರಿ ಇಂಗ್ಲಿಷ್ ಎಂದು ಬರೆಯಬೇಡಿ. ಇಂಗ್ಲಿಷ್ ಬರುವ ಮಗು ಆ ಪರೀಕ್ಷೆಯಲ್ಲೇ ದಾಟಿಹೋಗುತ್ತದೆ. ನೆರವು ಬೇಕಾದ ಮಗುವಿಗೆ ಉಚಿತವಾಗಿ ಸಿಗುತ್ತದೆ. ಆ ನೆರವು ಬೇಡವೆನ್ನುವ ಹಕ್ಕೂ ನಿಮಗಿದೆ, ಆದರೆ ಮಟ್ಟ ಮುಟ್ಟುವವರೆಗೆ ವಾರ್ಷಿಕ ಇಂಗ್ಲಿಷ್ ಪರೀಕ್ಷೆ ತಪ್ಪುವುದಿಲ್ಲ.

ಅಂಕಪಟ್ಟಿ: ಅಲ್ಲಿ ಹೈಸ್ಕೂಲ್ ಶುರುವಾಗುವುದು 9ನೇ ತರಗತಿಯಿಂದ, ಪದವಿಗೆ ಬೇಕಾದ ಕ್ರೆಡಿಟ್ ಲೆಕ್ಕವೂ ಅಲ್ಲಿಂದಲೇ. 10 ಅಥವಾ 11ಕ್ಕೆ ಸೇರುವ ಮಗುವಿಗೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಷ್ಟೇ 9ನೇ ತರಗತಿಯ ಅಂಕಪಟ್ಟಿಯೂ ಮುಖ್ಯ. ಶಾಲೆಯ ಮೊಹರು, ಮುಖ್ಯೋಪಾಧ್ಯಾಯರ ಸಹಿ ಇರುವ ಮೂಲ ಪ್ರತಿ, ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದ, ಪ್ರತಿ ವಿಷಯದ ಪಠ್ಯಕ್ರಮದ ಒಂದು ಪುಟ ಜೊತೆಗಿರಲಿ. ಹೊರಡುವ ಮುನ್ನವೇ ಆ ಹೈಸ್ಕೂಲಿನ ಕೌನ್ಸೆಲರ್‌ಗೆ ಸ್ಕ್ಯಾನ್ ಪ್ರತಿಗಳನ್ನು ಇಮೇಲ್ ಮಾಡಿ, ಗಣಿತ ಮತ್ತು ವಿಜ್ಞಾನದಲ್ಲಿ ಯಾವ ಕೋರ್ಸಿಗೆ ಹಾಕುತ್ತೀರಿ ಎಂದು ಬರಹದಲ್ಲಿ ಉತ್ತರ ತೆಗೆದುಕೊಳ್ಳಿ.